ಚೀಟಿಯಲ್ಲಿ 1400, ದಾಖಲೆಯಲ್ಲಿ 1260: ನನ್ನ ಎರ್ಕೂಪ್ ಅನುಭವ

ನನ್ನ 1946ರ ಎರ್ಕೂಪ್ 415-ಸಿ, ಇಬ್ಬರು ಕೂರುವ ಪುಟ್ಟ ವಿಮಾನ, ಲೈಟ್ ಸ್ಪೋರ್ಟ್ (ಅಮೆರಿಕದಲ್ಲಿ ಪೈಲಟ್ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಡ್ರೈವಿಂಗ್ ಲೈಸೆನ್ಸ್ ಮೇಲೇ ಹಾರಿಸಬಹುದಾದ ಹಗುರ ವಿಮಾನ) ಲೆಕ್ಕಕ್ಕೆ ಬರುವುದಿಲ್ಲ ಅಂತ ಒಹಾಯೊದ ನಮ್ಮ ಹ್ಯಾಂಗರ್ ಸಾಲಿನಲ್ಲಿ ಎಲ್ಲರೂ ಹೇಳಿದ್ದರು. ಬಂತು. ಹೇಗೆ ಬಂತು ಅಂತ ಬರೆಯುತ್ತಿದ್ದೇನೆ.

ನನಗೆ ಬೇರೆ ದಾರಿ ಇರಲಿಲ್ಲ. ನನ್ನ ಕೊನೆಯ ಮೆಡಿಕಲ್ (ಪೈಲಟ್ ಆರೋಗ್ಯ ಪ್ರಮಾಣಪತ್ರ) 2004ರದು, ತೀರಾ ಹಳೆಯದು, ಹಾಗಾಗಿ ಹಿಂದಿನ ಮೆಡಿಕಲ್ ಆಧಾರದ ಮೇಲೆ ಸಿಗುವ ಸಡಿಲ ವ್ಯವಸ್ಥೆಯಾದ ಬೇಸಿಕ್‌ಮೆಡ್ ಸಿಗುವುದಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಶುರುವಾಯಿತು. ಹೊಸದಾಗಿ ಅರ್ಜಿ ಹಾಕಿ ತಿರಸ್ಕಾರ ಆದರೆ ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರುವ ಅವಕಾಶವೂ ಹೋಗುತ್ತದೆ. ಅದಕ್ಕೇ ಸುಮ್ಮನಿದ್ದೆ. ಆಗ ಉಳಿದಿದ್ದು ಲೈಟ್ ಸ್ಪೋರ್ಟ್ ಮಿತಿಯಾದ 1320 ಪೌಂಡ್ ಗರಿಷ್ಠ ತೂಕದ ಒಳಗಿನ ವಿಮಾನ ಮಾತ್ರ.

ಮೊದಲ ಸಲ ಕೈ ಸುಟ್ಟುಕೊಂಡೆ. ಇನ್ನೊಂದು ಎರ್ಕೂಪ್‌ಗೆ 500 ಡಾಲರ್ ಮುಂಗಡ ಕೊಟ್ಟಿದ್ದೆ. ಲಾಗ್‌ಬುಕ್ ತಿರುವಿದರೆ ಹಿಂದೆ ಯಾರೋ ಅದನ್ನು 415-ಡಿ ಮಾಡಿ ಗರಿಷ್ಠ ತೂಕ 1400 ಪೌಂಡ್‌ಗೆ ಏರಿಸಿ, ಮತ್ತೆ ಸಿ ಮಾಡಿದ್ದರು. ಹುಟ್ಟಿದಾಗಿನಿಂದ ಒಮ್ಮೆಯೂ ಮಿತಿ ದಾಟಿರಬಾರದು ಅನ್ನುವುದು ಆಗಿನ ನಿಯಮ. ವಾಪಸ್ ಇಳಿಸಿದರೂ ಪ್ರಯೋಜನ ಇರಲಿಲ್ಲ. ಮುಂಗಡ ಹೋಯಿತು.

ಎರಡನೆಯದರಲ್ಲೂ ಪ್ಯಾನೆಲ್ ಮೇಲೆ 1400 ಅಂತ ಚೀಟಿ ಅಂಟಿಸಿತ್ತು. ಮಾರುವವರೇ ಡಿ ಅಂದುಕೊಂಡಿದ್ದರು. ಅದಕ್ಕೇ ಸುಮಾರು 18 ಸಾವಿರ ಡಾಲರ್‌ಗೆ ಸಿಕ್ಕಿತು. ಆದರೆ ಡೇಟಾ ಪ್ಲೇಟ್‌ನಲ್ಲಿ (ವಿಮಾನದ ಗುರುತಿನ ಫಲಕ) ಸಿ ಅಂತಲೇ ಇತ್ತು. ಹಾರಲು ಯೋಗ್ಯ ಅನ್ನುವ ಏರ್‌ವರ್ದಿನೆಸ್ ಸರ್ಟಿಫಿಕೇಟಿನಲ್ಲೂ ಹಾಗೇ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯಿಂದ ವಿಮಾನದ ಪೂರ್ತಿ ಕಡತದ ಸಿ.ಡಿ. ತರಿಸಿದೆ, ಹತ್ತು ಡಾಲರೋ ಏನೋ. ಮೂರು ರಾತ್ರಿ ಕೂತು ಪುಟ ಪುಟ ನೋಡಿದೆ. ಡಿ ಮಾಡಿದ ಬದಲಾವಣೆಗೆ ಒಂದೇ ಒಂದು ಫಾರ್ಮ್ 337 (ದೊಡ್ಡ ಮಾರ್ಪಾಡು ದಾಖಲಿಸುವ ಫಾರ್ಮ್) ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಆದರೂ ಮೆಕ್ಯಾನಿಕ್ ಒಪ್ಪಲಿಲ್ಲ. ಆಗ ಎಲಿವೇಟರ್, ಅಂದರೆ ಮೂತಿ ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ, ನೆನಪಾಯಿತು. ಡಿಯಲ್ಲಿ ಅದು ಮೇಲಕ್ಕೆ 9 ಡಿಗ್ರಿ ಮಾತ್ರ ಏಳುತ್ತದೆ, ಸಿಯಲ್ಲಿ 13. ಅಳೆದೆವು. ಹದಿಮೂರು! ಯಾರೋ ಚೀಟಿ ಅಂಟಿಸಿದ್ದರು ಅಷ್ಟೇ, ವಿಮಾನ ಸಿ ಆಗಿಯೇ ಇತ್ತು. ಅವತ್ತೇ ಚೀಟಿ ಕಿತ್ತೆವು.

ಅಲ್ಲಿಗೆ ಅರ್ಧ ಕೆಲಸ. ಗ್ರಾಸ್, ಅಂದರೆ ಎಲ್ಲ ಸೇರಿ ಗರಿಷ್ಠ ತೂಕ, ಸಿಗೆ 1260 ಪೌಂಡ್ ಅಂದರೆ ಇಬ್ಬರು ಕೂತು ಎಲ್ಲಿಗೆ ಹೋಗುವುದು? ಮೊದಲು ಬಾತ್‌ರೂಮ್ ತಕ್ಕಡಿ ಮೂರಿಟ್ಟು ತೂಗಿದೆ. ದಂಡ. ಸರಿಯಾದ ತಕ್ಕಡಿ ಬಾಡಿಗೆಗೆ ತಂದು, ವಿಮಾನ ಸಮತಟ್ಟು ಮಾಡಿ ತೂಗಿದಾಗ 20 ಪೌಂಡ್ ವ್ಯತ್ಯಾಸ ಬಂತು. ಖಾಲಿ ತೂಕ 861. ನಾನೂ ನನ್ನ ಹೆಂಡತಿಯೂ ಸೇರಿ 318. ಉಳಿದಿದ್ದು 81 ಪೌಂಡ್, ಅಂದರೆ ಹದಿಮೂರು ಗ್ಯಾಲನ್ ಪೆಟ್ರೋಲು.

ಕಳಚಲು ಶುರು ಮಾಡಿದೆ. 2010ರಲ್ಲೇ ಸಿಗ್ನಲ್ ನಿಂತುಹೋದ, ದಾರಿ ತೋರಿಸುವ ಲೊರಾನ್ ಡಬ್ಬ ಇನ್ನೂ ಕೂತಿತ್ತು! ವೈರು, ಆಂಟೆನಾ ಸೇರಿ ಏಳು ಪೌಂಡ್. ಕಾರ್ಪೆಟ್, ಅದರ ಕೆಳಗೆ ನೀರು ಕುಡಿದಿದ್ದ ಉಣ್ಣೆ, ಹನ್ನೊಂದು. ಹಳೇ ರೇಡಿಯೋ ಬದಲು ಹೊಸದು, ಆರು. ಇನ್ನೊಂದು ಹದಿನೈದು ಎರಡು ಜಾಗದಲ್ಲಿ ಸಿಕ್ಕಿತು. ಅವು ಎಲ್ಲಿ ಅಂತ ಸದ್ಯಕ್ಕೆ ಹೇಳುವುದಿಲ್ಲ, ನಿಮ್ಮ ಮೆಕ್ಯಾನಿಕ್ ಜೊತೆ ಹುಡುಕಿ. ಕೊನೆಗೆ 822. ಹೊಸ ವೇಟ್ ಅಂಡ್ ಬ್ಯಾಲೆನ್ಸ್ (ತೂಕ, ಸಮತೋಲನದ) ಪತ್ರಕ್ಕೆ ಸಹಿ ಬಿತ್ತು. ರೇಡಿಯೋ ಬಿಟ್ಟು ಖರ್ಚು 900 ಡಾಲರ್ ಹತ್ತಿರ. ಈಗ ಇಬ್ಬರ ಜೊತೆ 20 ಗ್ಯಾಲನ್ ಹಾಕಬಹುದು.

ಮಧ್ಯೆ ಒಂದು ತಿಂಗಳು ಎಷ್ಟು ಪೆಟ್ರೋಲು ಕುಡಿಯುತ್ತದೆ ಅಂತ ಬರೆದಿಟ್ಟೆ. ಸಿ-75 ಇಂಜಿನ್ ಗಂಟೆಗೆ ಐದು ಗ್ಯಾಲನ್ ಒಳಗೇ. ಚಿಕ್ಕವನಿದ್ದಾಗ ಜಕ್ಕೂರಿನಲ್ಲಿ ಎಚ್‌ಎಎಲ್‌ನ ಪುಷ್ಪಕ್ ಹಾರುವುದನ್ನು ಬೇಲಿ ಹಿಡಿದು ನೋಡುತ್ತಿದ್ದೆ. ಅದೂ ಏರೋಂಕಾ ಚೀಫ್ ಮಾದರಿಯದೇ, ಇಂಥದೇ ಹಗುರ ವಿಮಾನ. ಆ ಆಸೆ ಇಲ್ಲಿಗೆ ತಂದು ನಿಲ್ಲಿಸಿದೆ.

2025ರ ಅಕ್ಟೋಬರ್ 22ರಿಂದ ಎಫ್‌ಎಎಯ ಮೊಸೈಕ್ ಅನ್ನುವ ಹೊಸ ನಿಯಮ ಬಂದು ಸ್ಪೋರ್ಟ್ ಪೈಲಟ್‌ಗೆ ತೂಕದ ಮಿತಿಯೇ ಹೋಯಿತು. ಈಗ ನೋಡುವುದು ಸ್ಟಾಲ್ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯದು), ಅದು 59 ನಾಟ್ ದಾಟಬಾರದು. ಪಕ್ಕದ ಹ್ಯಾಂಗರ್‌ನ ಸೆಸ್ನಾ 140 ಕೂಡ ಸಲ್ಲುತ್ತದೆ. "ಅಷ್ಟೆಲ್ಲ ಕಷ್ಟಪಟ್ಟಿದ್ದು ವ್ಯರ್ಥ ಆಯ್ತಲ್ಲ" ಅಂತಾರೆ. ನನ್ನ ವಿಮಾನದ ಗ್ರಾಸ್ ಇವತ್ತಿಗೂ 1260 ತಾನೇ? ಕಳಚಿದ 39 ಪೌಂಡ್ ಆರೂವರೆ ಗ್ಯಾಲನ್ ಆಗಿ ಪ್ರತಿ ಸಲ ಟ್ಯಾಂಕಿಗೆ ಬೀಳುತ್ತಿದೆ.