ಕಣ್ಣು ಕೆಂಪಾದರೆ ಮಾತ್ರೆಯ ಸ್ಟ್ರಿಪ್ ಹಿಡಿದು ಹೊರಡಿ

ಕಳೆದ ಮಳೆಗಾಲದಲ್ಲಿ ಕುಮಟಾದಲ್ಲಿರುವ ನಮ್ಮ ಆಯಿಗೆ ವಿಪರೀತ ಕೆಮ್ಮು. ಡಾಕ್ಟರು ಆ್ಯಂಟಿಬಯೋಟಿಕ್ ಬರೆದರು, ಕೆಮ್ಮು ಇಳಿಯಿತು. ಕೆಲವು ದಿನಕ್ಕೆ ಎರಡೂ ಕಣ್ಣು ಕೆಂಪು. "ಬೆಳಕು ಚುಚ್ತದೆ, ಕಿಟಕಿ ಹಾಕು" ಎನ್ನುತ್ತ ಹಗಲಲ್ಲೇ ಕತ್ತಲೆ ಮಾಡಿಕೊಂಡು ಕೂತಳು. ಮದ್ರಾಸ್ ಐ ಇರಬೇಕೆಂದು ನಾನು ಅಂಗಡಿಯ ಡ್ರಾಪ್ಸ್ ಹಾಕಿದೆ. ನಾಲ್ಕು ದಿನ ಹಾಳಾಯಿತು. ಕಣ್ಣಿನ ಡಾಕ್ಟರು "ಯಾವ ಮಾತ್ರೆ ತಗೊಂಡಿದ್ರಿ?" ಎಂದಾಗ ಯಾರಿಗೂ ಹೆಸರು ನೆನಪಿಲ್ಲ. ಸ್ಟ್ರಿಪ್ ಬಚ್ಚಲೊಲೆಗೆ ಹೋಗಿತ್ತು.

ಆದ್ದರಿಂದ ಮೊದಲು ಮಾತ್ರೆಯ ಹೆಸರು, ಶುರು ಮಾಡಿದ ದಿನ, ಕಣ್ಣು ಕೆಂಪಾದ ದಿನ ಬರೆದಿಡಿ. ಮಾಕ್ಸಿಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್, ಕ್ಷಯಕ್ಕೆ ಕೊಡುವ ರಿಫಾಬ್ಯುಟಿನ್, ಸಲ್ಫಾ ಗುಂಪಿನ ಮಾತ್ರೆಗಳಿಂದ ಕಣ್ಣೊಳಗೆ ಉರಿಯೂತ, ಅಂದರೆ ಯುವೈಟಿಸ್, ಆದದ್ದುಂಟು. ಅಪರೂಪ, ನಿಜ. 2014ರ ಕೆನಡಾದ ಅಧ್ಯಯನ ಮಾಕ್ಸಿಫ್ಲಾಕ್ಸಾಸಿನ್ ಜೊತೆ ನಂಟು ತೋರಿಸಿತು. 2016ರ ಅಮೆರಿಕದ ಅಧ್ಯಯನ, ಮೈಯಲ್ಲಿದ್ದ ಬೇರೆ ಕಾಯಿಲೆಯೇ ಕಾರಣವಿರಬಹುದು ಎಂದಿತು. ನನ್ನ ಪ್ರಕಾರ ಹೆದರಬೇಕಿಲ್ಲ, ಹೇಳುವುದನ್ನು ಮಾತ್ರ ಮರೆಯಬಾರದು.

ಆಮೇಲೆ ಬೆಳಕಿನಲ್ಲಿ ಕನ್ನಡಿ ನೋಡಿ. ಮದ್ರಾಸ್ ಐ ಆದರೆ ಗೀಜು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಯುವೈಟಿಸ್‌ನಲ್ಲಿ ಗೀಜು ಇರುವುದಿಲ್ಲ. ಕರಿಗುಡ್ಡೆಯ ಸುತ್ತ ಕೆಂಪು ಜಾಸ್ತಿ, ಒಳಗಿಂದ ನೋವು, ಬೆಳಕು ಸಹಿಸಲಾಗದು. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ. ಅಕ್ಷರ ಮಂಜಾದರೆ ಆ ದಿನವೇ ಹೊರಡಿ.

ಹಳೇ ಡ್ರಾಪ್ಸ್, ಅದರಲ್ಲೂ ಸ್ಟಿರಾಯ್ಡ್ ಇರುವುದು, ಸುಮ್ನೆ ಹಾಕಬೇಡಿ. ಕಣ್ಣಲ್ಲಿ ವೈರಸ್ ಹುಣ್ಣಿದ್ದರೆ ಅದು ಇನ್ನೂ ಹೆಚ್ಚುತ್ತದೆ. ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಕ್ಷಯದ ಮಾತ್ರೆಯನ್ನಂತೂ ಖಂಡಿತ ಬೇಡ. ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ನಟ್ಟಿ ಸಮಯದಲ್ಲಿ ಕೆಸರಿಗೆ ಇಳಿದವರಿಗೆ ಇಲಿಜ್ವರ ಬರುವುದುಂಟು. ಜ್ವರ ಬಿಟ್ಟು ವಾರಗಳಾದ ಮೇಲೆ, ಕೆಲವೊಮ್ಮೆ ತಿಂಗಳುಗಳಾದ ಮೇಲೆ, ಆ ರೋಗವೇ ಕಣ್ಣೊಳಗೆ ಉರಿಯೂತ ತರಬಹುದು. ಆಗ ತಪ್ಪು ಮಾತ್ರೆಯದಲ್ಲ, ಅಲ್ವಾ? ಹಾಗಾಗಿ ಜ್ವರದ ಕತೆಯನ್ನೂ ಡಾಕ್ಟರಿಗೆ ಹೇಳಿ.

ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ, ಕಣ್ಣಿನ ಒತ್ತಡ ಅಳೆಯುತ್ತಾರೆ. ಮಾಕ್ಸಿಫ್ಲಾಕ್ಸಾಸಿನ್‌ನಿಂದ ತೊಂದರೆ ಆದವರಲ್ಲಿ ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆಯ, ಬಣ್ಣದ ಕಣಗಳು ಉದುರಿ ಕಣ್ಣೊಳಗಿನ ನೀರು ಹೊರಹೋಗುವ ದಾರಿಗೆ ಅಡ್ಡವಾಗಬಹುದು, ಆಗ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಸ್ಟಿರಾಯ್ಡ್ ಡ್ರಾಪ್ಸ್, ಪಾಪೆ ಹಿಗ್ಗಿಸುವ ಡ್ರಾಪ್ಸ್ ಕೊಡುತ್ತಾರೆ. ಕೆಂಪು ಹೋಯಿತೆಂದು ಮಧ್ಯದಲ್ಲಿ ಬಿಟ್ಟರೆ ಮರುಕಳಿಸಬಹುದು. ಅವರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಕೊನೆಗೆ, ಮಾತ್ರೆಯೇ ಕಾರಣ ಎಂದಾದರೆ ಆ ಹೆಸರನ್ನು ಕಡತದಲ್ಲಿ ಬರೆಸಿಕೊಳ್ಳಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ಹೇಳಿ. ಆಯಿ ಆ ಮಾತ್ರೆಯ ಹೆಸರನ್ನು ಕೆಮ್ಮಿನ ಡಾಕ್ಟರಿಂದ ಮತ್ತೆ ಕೇಳಿ ಬರೆಸಿಕೊಂಡು, ಚೀಟಿಯನ್ನು ಔಷಧಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಟ್ಟಿದ್ದಾಳೆ.