ಕತ್ತರಿ ಹಿಡಿಯುವ ಮೊದಲು ಬೆಳಕಿಗೆ ಹಿಡಿಯಿರಿ

ಹಳೆ ಜೀನ್ಸಿನಿಂದ ನಾನು ಹೊಲಿದ ಮೊದಲ ಚೀಲ ಎರಡೇ ತಿಂಗಳಿಗೆ ಹರಿಯಿತು. ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆಯೇ ಪಿಸಿದಿತ್ತು. ತೊಡೆಯ ಹತ್ತಿರ ಬಟ್ಟೆ ಅಗಲವಾಗಿ ಸಿಗುತ್ತದೆ ಅಂತ ಅಲ್ಲಿಂದಲೇ ಕತ್ತರಿಸಿದ್ದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಸವೆದ ಜಾಗ ಅದು. ಅದರ ಮೇಲೆ ಪುಸ್ತಕಗಳ ಭಾರ ಹೇರಿದರೆ ಎಷ್ಟು ದಿನ ತಡೆಯುತ್ತದೆ?

ಈಗ ಮೊದಲು ಕಿಟಕಿಯ ಹತ್ತಿರ ಹೋಗುತ್ತೇನೆ, ಕತ್ತರಿ ಆಮೇಲೆ. ಪ್ಯಾಂಟನ್ನು ಒಗೆದು ಒಣಗಿಸಿ, ಕಾಲಿನ ಒಂದು ಬದಿಯ ಹೊಲಿಗೆ ಬಿಚ್ಚಿ, ಹಾಳೆಯಂತೆ ಬಿಡಿಸಿ ಬೆಳಕಿಗೆ ಹಿಡಿಯುತ್ತೇನೆ. ಸಾಮಾನ್ಯವಾಗಿ ಒಂದು ಬದಿಯಲ್ಲಿ ಮಡಚಿ ಎರಡು ಸಾಲು ಹೊಲಿದಿರುತ್ತಾರೆ, ಇನ್ನೊಂದು ಬದಿಯಲ್ಲಿ ಓವರ್‌ಲಾಕ್ ಮಾಡಿದ ಸಾದಾ ಹೊಲಿಗೆ ಇರುತ್ತದೆ. ಬಿಚ್ಚಬೇಕಾದ್ದು ಸಾದಾ ಬದಿಯನ್ನು. ಎರಡು ಸಾಲಿನದು ಬಲು ಗಟ್ಟಿ, ನೋಡಲೂ ಚೆಂದ. ಅದನ್ನು ಹಾಗೇ ಬಿಟ್ಟರೆ ಚೀಲದ ನಡುವೆ ಒಂದು ಪಟ್ಟಿಯಂತೆ ಕಾಣುತ್ತದೆ.

ಬಣ್ಣ ನೋಡಿ ಮೋಸ ಹೋಗಬೇಡಿ. ಡೆನಿಮ್‌ನಲ್ಲಿ, ಅಂದರೆ ಜೀನ್ಸಿನ ಬಟ್ಟೆಯಲ್ಲಿ, ಉದ್ದಕ್ಕೆ ಹೋಗುವ ಹಾಸಿನ ನೂಲು ಮಾತ್ರ ನೀಲಿ, ಅಡ್ಡ ಬರುವ ಹೊಕ್ಕಿನದು ಬಿಳಿ. ಆ ನೀಲಿ ಕೂಡ ನೂಲಿನ ನಡುವಿನ ತನಕ ಇಳಿದಿರುವುದಿಲ್ಲ, ಹಾಗಾಗಿ ಮೇಲ್ಮೈ ಸವೆದಂತೆ ಬೆಳ್ಳಗಾಗುತ್ತಾ ಹೋಗುತ್ತದೆ. ಜೊತೆಗೆ ಕಾರ್ಖಾನೆಯಲ್ಲೇ ಮಾಸಿಸಿದ ಪ್ಯಾಂಟುಗಳೂ ಇವೆ. ಬೆಳಕು ಜಾಸ್ತಿ ತೂರಿ ಬರುವ ಕಡೆ ಮಾತ್ರ ಬಟ್ಟೆ ನಿಜವಾಗಿ ತೆಳುವಾಗಿರುತ್ತದೆ. ನನಗೆ ಹೆಚ್ಚಿನ ಸಲ ಗಟ್ಟಿ ಬಟ್ಟೆ ಸಿಗುವುದು ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ. ಚೀಲದ ತಳ ಅದರದ್ದೇ.

ಹಿಡಿಕೆಯನ್ನು ಯಾವಾಗಲೂ ಕಾಲಿನ ಉದ್ದಕ್ಕೇ ಕತ್ತರಿಸುತ್ತೇನೆ. ಈಗಿನ ಎಷ್ಟೋ ಜೀನ್ಸಿನಲ್ಲಿ ಎಲಾಸ್ಟೇನ್ ಎಂಬ ಹಿಗ್ಗುವ ನಾರು ಇರುತ್ತದೆ, ಅವು ಹೆಚ್ಚಾಗಿ ಅಡ್ಡಕ್ಕೆ ಹಿಗ್ಗುತ್ತವೆ. ಅಡ್ಡ ಕತ್ತರಿಸಿದ ಹಿಡಿಕೆ ಭಾರ ಬಿದ್ದಂತೆ ಜೋಲುತ್ತದೆ.

ಹೊಲಿಯುವಾಗ ನಿಜವಾದ ಕಷ್ಟ ಇರುವುದು ಹೊಲಿಗೆಗಳು ಒಂದರ ಮೇಲೊಂದು ಬರುವ ಗಂಟಿನ ಜಾಗದಲ್ಲಿ. ಅಲ್ಲಿ ಆರೆಂಟು ಪದರ ಸೇರಿರುತ್ತವೆ. ಒಮ್ಮೆ ಆತುರಪಟ್ಟು ಪೆಡಲ್ ಒತ್ತಿದೆ. ಸೂಜಿ ಮುರಿದು ತುಂಡು ಕೆನ್ನೆಗೆ ಬಡಿಯಿತು. ಇನ್ನೊಂದು ಅಂಗುಲ ಮೇಲಾಗಿದ್ದರೆ ಕಣ್ಣು! ಅಂದಿನಿಂದ ಕನ್ನಡಕ ಇಲ್ಲದೆ ಜೀನ್ಸ್ ಹೊಲಿಯಲು ಕೂರುವುದಿಲ್ಲ. ಗಂಟನ್ನು ಮೊದಲು ಬಟ್ಟೆ ಮುಚ್ಚಿ ಸುತ್ತಿಗೆಯಿಂದ ಚೆನ್ನಾಗಿ ಬಡಿಯುತ್ತೇನೆ, ಅರ್ಧ ದಪ್ಪ ಇಳಿದ ಹಾಗೆ ಅನ್ನಿಸುತ್ತದೆ. ಗಂಟಿನ ಹತ್ತಿರ ಬಂದಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಫೂಟ್ ಮುಂದೆ ಏರಿ ಹಿಂದೆ ಜಾರುತ್ತದಲ್ವಾ, ಆಗ ಅದರ ಹಿಂಬದಿಗೆ ಮಡಚಿದ ಡೆನಿಮ್ ಚೂರೊಂದನ್ನು ತೂರಿಸಿ ಮಟ್ಟ ಮಾಡಿಕೊಳ್ಳುತ್ತೇನೆ. ನಾಲ್ಕೈದು ಹೊಲಿಗೆ ಕೈಯಿಂದ ಚಕ್ರ ತಿರುಗಿಸಿಯೇ ದಾಟಿಸಬೇಕು. ಅವಸರ ಬೇಡ.

ಜೀನ್ಸ್ ಸೂಜಿ 16ನೇ ನಂಬರಿನದು ಹಾಕುತ್ತೇನೆ, ತೀರಾ ದಪ್ಪ ಇದ್ದರೆ 18. ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದ ಮೂರೂವರೆ ಮಿಲಿಮೀಟರ್. ಕೆಲಸ ಮುಗಿದ ಮೇಲೆ ಬಾಬಿನ್ ಹತ್ತಿರದ ನೀಲಿ ನಾರನ್ನೆಲ್ಲ ಬ್ರಷ್‌ನಿಂದ ತೆಗೆಯುತ್ತೇನೆ.

ಹಿಂದಿನ ಜೇಬನ್ನು ಬಿಚ್ಚುವುದಿಲ್ಲ. ಸುತ್ತಲೂ ಬಟ್ಟೆ ಬಿಟ್ಟು ಕತ್ತರಿಸಿ ಅದನ್ನೇ ಚೀಲದ ಮುಂಭಾಗ ಮಾಡುತ್ತೇನೆ. ಜೇಬಿನ ಮೂಲೆಗೆ ರಿವೆಟ್, ಅಂದರೆ ಲೋಹದ ಗುಬ್ಬಿ, ಬಡಿಯುವ ಉಪಾಯ ಜೇಕಬ್ ಡೇವಿಸ್ ಎಂಬ ದರ್ಜಿಯದು. 1873ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕೈ ಹಾಕಿ ಹಾಕಿ ಜೇಬು ಹರಿಯಬಾರದು ಅಂತ ಒಬ್ಬ ದರ್ಜಿ ಅಷ್ಟು ಯೋಚನೆ ಮಾಡಿದ್ದಾನೆ, ನಾನು ಯಾಕೆ ಕೀಳಲಿ? ರಿವೆಟ್ ಮೇಲೆ ಸೂಜಿ ಬೀಳದಂತೆ ಮಾತ್ರ ಒಂದು ಬೆರಳು ದೂರದಲ್ಲಿ ಹೊಲಿಯುತ್ತೇನೆ.

ತೊಡೆಯ ಆ ತೆಳು ಬಟ್ಟೆಯನ್ನೂ ಈಗ ಎಸೆಯುವುದಿಲ್ಲ. ಪೂರ್ತಿ ಹತ್ತಿಯದಾದರೆ ನಾಲ್ಕು ಪದರ ಸೇರಿಸಿ, ಕೌದಿಯಂತೆ ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತೇನೆ. ಬಿಸಿ ಪಾತ್ರೆ ಇಳಿಸಲು ಅಡುಗೆಮನೆಯಲ್ಲಿ ಅಂಥವು ಎರಡು ನೇತಾಡುತ್ತಿವೆ.