27 ಲಕ್ಷದ ಹಾಸಿಗೆ

ರಸೀದಿಯಲ್ಲಿ 27 ಲಕ್ಷ ಅಂತ ಬರೆದಿತ್ತು. ಅದರ ಫೋಟೊ ಕಳಿಸಿದ ಮೇಲೆ ಹೆಂಡತಿಯಿಂದ ಐದು ನಿಮಿಷ ಉತ್ತರವೇ ಇಲ್ಲ. ‘ರುಪಿಯಾ ಕಣೇ, ರೂಪಾಯಿ ಅಲ್ಲ’ ಅಂತ ಫೋನ್ ಮಾಡಿ ಹೇಳಬೇಕಾಯಿತು. ನಮ್ಮ ದುಡ್ಡಿನಲ್ಲಿ ಹದಿನಾಲ್ಕೂವರೆ ಸಾವಿರದ ಹತ್ತಿರ. ಅಷ್ಟಕ್ಕೆ ಇಂಡೊನೇಷ್ಯಾದ ಲೊಂಬೊಕ್ ದ್ವೀಪದಿಂದ ಫ್ಲೋರೆಸ್ ದ್ವೀಪದ ಲಬುವಾನ್ ಬಾಜೊವರೆಗೆ ಮರದ ದೋಣಿಯಲ್ಲಿ ನಾಲ್ಕು ಹಗಲು, ಮೂರು ರಾತ್ರಿ. ಮೂರು ಹೊತ್ತು ಊಟ. ಮಲಗಲು ಮೇಲಿನ ಡೆಕ್‌ನಲ್ಲಿ ಎರಡು ಇಂಚು ದಪ್ಪದ ಹಾಸಿಗೆ. ಕ್ಯಾಬಿನ್ ಬೇಕಿದ್ದರೆ 38 ಲಕ್ಷ. ನಾನೂ ನನ್ನ ಭಾಮೈದನೂ ಹಾಸಿಗೆಯೇ ಸಾಕು ಅಂದೆವು.

ನಾವಿರುವುದು ಜಯನಗರದಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಊರು. ನಾನು ಅಲ್ಲಿಯವರೆಗೆ ಹತ್ತಿದ್ದ ದೋಣಿ ಎರಡೇ: ಹಲಸೂರು ಕೆರೆಯದು, ರಂಗನತಿಟ್ಟಿನದು. ಎರಡರಲ್ಲೂ ದಡ ಕಾಣುತ್ತಿರುತ್ತದೆ. ಭಾಮೈದನಿಗೆ ಈಜು ಬಾರದು. ಆರು ವಾರ ಬೆಳಿಗ್ಗೆ ಕೊಳಕ್ಕೆ ಕರೆದುಕೊಂಡು ಹೋದೆ. ಏಳನೇ ವಾರ ಅವನು ಹೇಳಿದ್ದು: ‘ಭಾವ, ನಾನು ಲೈಫ್ ಜಾಕೆಟ್ ಹಾಕ್ಕೊಂಡೇ ಊಟ ಮಾಡ್ತೀನಿ, ಹಾಕ್ಕೊಂಡೇ ಮಲಗ್ತೀನಿ. ಈ ಕ್ಲೋರಿನ್ ನೀರು ಸಾಕು.’

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಇದೆ. ಇಳಿದ ಮೇಲೆ ವೀಸಾಗೆ 5 ಲಕ್ಷ ರುಪಿಯಾ. ಬಾಲಿಯ ಪಡಂಗ್ ಬಾಯಿಯಿಂದ ಲೊಂಬೊಕ್‌ನ ಲೆಂಬಾರ್‌ಗೆ ದೊಡ್ಡ ಫೆರ್ರಿ, ನಾಲ್ಕೈದು ಗಂಟೆ. ಲಾರಿ, ಬೈಕು, ಕೋಳಿ ಬುಟ್ಟಿ ಎಲ್ಲದರ ಜೊತೆ ಹೋಗಬಹುದು. ಸ್ಪೀಡ್ ಬೋಟಿಗಿಂತ ತುಂಬಾ ಅಗ್ಗ, ಮತ್ತು ನನ್ನ ಪ್ರಕಾರ ಹೊಟ್ಟೆಗೂ ಒಳ್ಳೆಯದು.

ದೋಣಿಯನ್ನು ಬುಕ್ ಮಾಡಿದ್ದು ಲೊಂಬೊಕ್‌ಗೆ ಹೋದ ಮೇಲೆ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಇದೇ ದಾರಿಯಲ್ಲಿ 2014ರ ಆಗಸ್ಟ್‌ನಲ್ಲಿ ಪ್ರವಾಸಿಗರ ದೋಣಿಯೊಂದು ಮುಳುಗಿತ್ತು. ಹಾಗಾಗಿ ನಾವು ಏಜೆಂಟಿಗೆ ಕೇಳಿದ್ದು ಊಟ, ಫೋಟೊ ಪಾಯಿಂಟ್ ಅಲ್ಲ. ಎಷ್ಟು ಜನ ಹತ್ತಿಸ್ತೀರಿ? ಎಷ್ಟು ಲೈಫ್ ಜಾಕೆಟ್ ಇದೆ? ರೇಡಿಯೊ ಇದೆಯಾ? ಗಾಳಿ ಜೋರಾದರೆ ಎಲ್ಲಿ ನಿಲ್ಲಿಸ್ತೀರಿ? ಆತ ‘18 ಜನ ಅಷ್ಟೇ’ ಅಂದ. ಹತ್ತಿದ ಮೇಲೆ ಎಣಿಸಿದರೆ 26. ಜಾಕೆಟ್ ಎಣಿಸಿದೆ, 35 ಇದ್ದವು. ಸರಿ, ಸುಳ್ಳು ಹೇಳಿದ್ದು ಜನದ ವಿಷಯದಲ್ಲಿ ಮಾತ್ರ ಅಂತ ಸಮಾಧಾನ ಮಾಡಿಕೊಂಡೆ. ಜಾಕೆಟ್ ಕಮ್ಮಿ ಇದ್ದಿದ್ದರೆ ದುಡ್ಡು ಹೋದರೂ ಪರವಾಗಿಲ್ಲ ಅಂತ ಇಳಿದುಬಿಡುತ್ತಿದ್ದೆ. ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಪಶ್ಚಿಮದ ಮಳೆಗಾಳಿ. ಆಗ ಎಷ್ಟೋ ಸಲ ಬಂದರಿನವರೇ ದೋಣಿ ಬಿಡಲ್ಲ. ಆ ತಿಂಗಳುಗಳಲ್ಲಿ ಯಾರಾದರೂ ಅಗ್ಗಕ್ಕೆ ಕರೆದರೆ ಹೋಗಬೇಡಿ.

ಪೂರ್ವ ಲೊಂಬೊಕ್‌ನ ಕಯಾಂಗನ್‌ನಲ್ಲಿ ಮಧ್ಯಾಹ್ನ ಹತ್ತಿದೆವು. ಮೊದಲು ಹತ್ತಿದವರು ಡೆಕ್‌ನ ಮುಂಭಾಗ ಹಿಡಿದರು, ನೋಟ ಚೆನ್ನಾಗಿರುತ್ತೆ ಅಂತ. ನಾವು ನಡುವೆ ಜಾಗ ಹಿಡಿದೆವು. ಪಾರ್ಕಿನಲ್ಲಿ ಮಕ್ಕಳ ಸೀಸಾ ಹಲಗೆ ಇರುತ್ತಲ್ಲ, ದೋಣಿಯೂ ಹಾಗೇ. ತುದಿಯಲ್ಲಿ ಕೂತವನು ಎದ್ದು ಬೀಳ್ತಾನೆ, ನಡುವೆ ಕೂತವನು ಸ್ವಲ್ಪ ಅಲ್ಲಾಡ್ತಾನೆ. ಇದೊಂದು ಬುದ್ಧಿ ನಮಗೆ ಎರಡನೇ ರಾತ್ರಿ ಕೆಲಸಕ್ಕೆ ಬಂತು.

ಮೊದಲ ದಿನ ಪೂರ್ತಿ ಖುಷಿ. ಕೆನಾವಾ ಅಂತ ಹುಲ್ಲುಗುಡ್ಡದ ಪುಟ್ಟ ದ್ವೀಪದಲ್ಲಿ ಸೂರ್ಯಾಸ್ತ. ಮರಳಿ ಬಂದಾಗ ಅನ್ನ, ಎಲೆಕೋಸಿನ ಪಲ್ಯ, ಕರಿದ ತೆಂಪೆ. ತೆಂಪೆ ಅಂದರೆ ಸೋಯಾ ಕಾಳನ್ನು ಹುದುಗು ಬರಿಸಿ ಬಿಲ್ಲೆ ಮಾಡಿದ್ದು, ಕರಿದರೆ ರುಚಿ. ಪಕ್ಕದಲ್ಲಿ ಕೆಂಪಗೆ ಸಂಬಲ್ ಚಟ್ನಿ. ನಾನು ಬೆರಳು ಹಾಕುವಷ್ಟರಲ್ಲಿ ಭಾಮೈದ ಮೂಗಿನ ಹತ್ತಿರ ಹಿಡಿದು, ‘ಭಾವ, ತಡೀರಿ’ ಅಂದ. ಅದರಲ್ಲಿ ತೆರಾಸಿ ಇತ್ತು, ಸಿಗಡಿಯನ್ನು ಕೊಳೆಸಿ ಮಾಡಿದ ಮುದ್ದೆ. ಸಸ್ಯಾಹಾರಿಗಳು ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ ಮೂರು ಹೇಳಿದರೆ ಸಾಲದು, ತೆರಾಸಿ ಬೇಡ ಅಂತ ನಾಲ್ಕನೆಯದನ್ನೂ ಹೇಳಬೇಕು. ನಮ್ಮ ಹತ್ತಿರ ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ ಇತ್ತು, ದೊಡ್ಡ ಸ್ಟೀಲ್ ಡಬ್ಬಿ ತುಂಬ. ಬಿಸಿ ಅನ್ನಕ್ಕೆ ಅದನ್ನು ಉದುರಿಸಿ, ಒಂದು ಚಮಚ ಎಣ್ಣೆ ಕೇಳಿ ಹಾಕಿಕೊಂಡೆವು. ಅಡುಗೆಯವನು ನಿಂತು ನೋಡಿದ. ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಕರಿದ ತೆಂಪೆ ಮೇಲೆ ನಮ್ಮ ಚಟ್ನಿಪುಡಿ ಉದುರಿಸಿ ಎಲ್ಲರಿಗೂ ಹಂಚುತ್ತಿದ್ದಾನೆ!

ಅವನ ಜೊತೆ ನಮ್ಮ ಮಾತು ನಡೆದದ್ದೂ ಮಜವಾಗಿ. ಅವರ ಮಾತಲ್ಲಿ ಭಾಷೆಗೆ ಬಹಾಸ, ಹೆಸರಿಗೆ ನಾಮ, ಭೂಮಿಗೆ ಬುಮಿ. ಹೆಂಡತಿ ಇಸ್ತ್ರಿ. ಗಂಡ ಸುವಾಮಿ. ಕೊನೆಯದನ್ನು ಕೇಳಿ ಭಾಮೈದ ನಕ್ಕಿದ್ದು ನಕ್ಕಿದ್ದೇ. ‘ಅಕ್ಕನಿಗೆ ಹೇಳ್ತೀನಿ ಇರಿ, ಇನ್ಮೇಲೆ ನಿಮ್ಮನ್ನ ಹಾಗೇ ಕರೀಲಿ ಅಂತ.’

ಎರಡು ಶೌಚಾಲಯಕ್ಕೆ 26 ಜನ. ಒಳಗೆ ಬಕೆಟ್, ಮಗ್. ಯೂರೋಪಿನ ಹುಡುಗ ಹುಡುಗಿಯರು ಮೊದಲ ದಿನ ಒದ್ದಾಡಿದರು, ನಮಗೇನು ಹೊಸದಲ್ಲ. ಸಿಹಿನೀರು ಮಾತ್ರ ಕಷ್ಟ. ಮೈಗೆ ಉಪ್ಪುನೀರು, ಕೊನೆಯಲ್ಲಿ ಮುಖಕ್ಕೆ ಎರಡು ಮಗ್ ಸಿಹಿನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ಕಾದು ಬದುಕಿದವರಿಗೆ ಎರಡು ಮಗ್‌ನಲ್ಲಿ ಏನೇನು ಮಾಡಬಹುದು ಅಂತ ಯಾರೂ ಕಲಿಸಬೇಕಿಲ್ಲ.

ಎರಡನೇ ದಿನ ಮೋಯೊ ದ್ವೀಪದ ಜಲಪಾತ, ಆಮೇಲೆ ಸತೊಂಡಾ. ಸತೊಂಡಾ ಒಂದು ಹಳೇ ಜ್ವಾಲಾಮುಖಿ. ಬಾಯಿಯಲ್ಲಿ ಕೆರೆ, ಕೆರೆಯ ನೀರು ಉಪ್ಪು. ದಡದ ಮರಕ್ಕೆ ಜನ ಹರಕೆ ಅಂತ ಹವಳದ ಕಲ್ಲು ಕಟ್ಟಿ ತೂಗುಬಿಟ್ಟಿರುತ್ತಾರೆ. ನಮ್ಮಲ್ಲಿ ತೊಟ್ಟಿಲು ಕಟ್ಟುವ ಹಾಗೇ. ಎದುರಿಗೆ ಸುಂಬಾವಾ ದ್ವೀಪದಲ್ಲಿ ತಂಬೋರಾ ಬೆಟ್ಟ. 1815ರ ಏಪ್ರಿಲ್‌ನಲ್ಲಿ ಸಿಡಿದದ್ದು ಅದೇ. ಆ ಬೂದಿ, ಗಂಧಕದ ಮಬ್ಬು ಆಕಾಶಕ್ಕೇರಿ, ಮಾರನೇ ವರ್ಷ ಯೂರೋಪು, ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು. ಅಂಥ ಬೆಟ್ಟ ತಲೆ ಹಾರಿಸಿಕೊಂಡು ಸುಮ್ನೆ ಕೂತಿತ್ತು. ನಾನು ಅದನ್ನೇ ನೋಡುತ್ತ ಕೋಡುಬಳೆ ತಿಂದೆ. ಆ ಕೋಡುಬಳೆ ತಿನ್ನಬಾರದಿತ್ತು.

ಸತೊಂಡಾ ಬಿಟ್ಟರೆ ಮುಂದಿನ ನಿಲ್ದಾಣಕ್ಕೆ ರಾತ್ರಿಯೆಲ್ಲ ಓಡಬೇಕು. ಹತ್ತು ಗಂಟೆಯವರೆಗೆ ಚೆನ್ನಾಗಿತ್ತು. ಬಕೆಟ್‌ಗೆ ಹಗ್ಗ ಕಟ್ಟಿ ಕಡಲಿಗೆ ಇಳಿಸಿದರೆ ಬಿದ್ದ ಜಾಗದಲ್ಲಿ ನೀಲಿ ಕಿಡಿ. ನೀರಿನಲ್ಲಿ ಮಿನುಗುವ ಸಣ್ಣ ಜೀವಿಗಳವು. ಬಕೆಟ್ ಎತ್ತಿ ಕೈ ಆಡಿಸಿದರೆ ಬೆರಳ ಸಂದಿಯಲ್ಲೂ ಕಿಡಿ. ಎಂಜಿನ್ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಚೆಕ್ಸ್ ಲುಂಗಿ ಉಟ್ಟ ಕ್ಯಾಪ್ಟನ್ ಲವಂಗದ ಸಿಗರೇಟು ಸೇದುತ್ತ, ಚುಕ್ಕಾಣಿಯನ್ನು ಕಾಲಿನಲ್ಲಿ ತಿರುಗಿಸುತ್ತಿದ್ದ.

ನಡುರಾತ್ರಿ ದಾಟಿದ ಮೇಲೆ ಶುರುವಾಯಿತು. ಮೊದಲು ನೀರಿನ ಬಾಟಲಿಗಳು ಉರುಳಿದವು. ಆಮೇಲೆ ಚಪ್ಪಲಿಗಳು. ಆಮೇಲೆ ಹಾಸಿಗೆಗಳು, ನಾವು ಮೇಲೆ ಮಲಗಿದ್ದಂತೆಯೇ. ಎಡಕ್ಕೆ ವಾಲಿದಾಗ ಭಾಮೈದ ನನ್ನ ಮೇಲೆ, ಬಲಕ್ಕೆ ವಾಲಿದಾಗ ನಾನು ಅವನ ಮೇಲೆ. ಟಾರ್ಪಾಲು ಬಿಚ್ಚಿಕೊಂಡು ಪಟಪಟ ಹೊಡೆಯಿತು, ಮುಖಕ್ಕೆ ಉಪ್ಪುನೀರು ಎರಚಿತು. ಡೀಸೆಲ್ ವಾಸನೆ, ಲವಂಗದ ವಾಸನೆ, ಯಾರೋ ವಾಂತಿ ಮಾಡಿದ್ದು, ಎಲ್ಲ ಸೇರಿ ಒಂದು ಗಾಳಿ. ನಾನು ಅವೊಮಿನ್ ಮಾತ್ರೆ ತಂದಿದ್ದೆ. ತಗೊಂಡಿರಲಿಲ್ಲ. ಅಲೆ ಬಂದಾಗ ನುಂಗೋಣ ಅಂದುಕೊಂಡಿದ್ದೆ. ಅದು ಪೂರ್ತಿ ದಡ್ಡತನ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಒಂದು ಗಂಟೆ ಮೊದಲೇ ತಗೋಬೇಕು. ಭಾಮೈದ ಊಟವಾದ ತಕ್ಷಣ ನುಂಗಿದ್ದ. ಅವನು ಲೈಫ್ ಜಾಕೆಟ್ ಬಿಗಿದುಕೊಂಡು, ಕಂಬಕ್ಕೆ ಕೈ ಸುತ್ತಿ, ಅರ್ಧ ನಿದ್ದೆಯಲ್ಲಿ ‘ಭಾವ, ಇದು ಕೆಂಪು ಬಸ್ಸಿನ ಕೊನೇ ಸೀಟು ಅಂದ್ಕೊಳ್ಳಿ, ಚಾರ್ಮಾಡಿ ಘಾಟಿ ಅಂದ್ಕೊಳ್ಳಿ’ ಅಂತ ನನ್ನ ಬೆನ್ನು ಸವರುತ್ತಿದ್ದ. ಕೋಡುಬಳೆಯೆಲ್ಲ ಕಡಲಿಗೆ ಹೋಯಿತು.

ಸುಮಾರು ಎರಡು ಗಂಟೆಗೆ ಕ್ಯಾಬಿನ್‌ನವರು ದಿಂಬು ಹಿಡಿದುಕೊಂಡು ಮೇಲೆ ಬಂದರು. ಕೆಳಗೆ ಗಾಳಿ ಇಲ್ಲ, ಎಂಜಿನ್ ಬಿಸಿ, ಕಿಟಕಿ ತೆಗೆದರೆ ನೀರು ನುಗ್ಗುತ್ತೆ. 38 ಲಕ್ಷ ಕೊಟ್ಟವರು 27 ಲಕ್ಷದವರ ಕಾಲಿನ ಹತ್ತಿರ ಮುದುರಿ ಮಲಗಿದರು. ಅಷ್ಟು ಹೊತ್ತಿನಲ್ಲೂ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಬೆಳಕಾದಾಗ ಸುಂಬಾವಾ ಹಿಂದೆ ಉಳಿದಿತ್ತು. ಮುಂದೆ ಕೊಮೊಡೊ, ಒಣಗಿದ ಹುಲ್ಲಿನ ಬೋಳು ಗುಡ್ಡಗಳು. ಈ ಎರಡರ ನಡುವಿನ ಸಾಪೆ ಜಲಸಂಧಿಯೇ ನಮ್ಮನ್ನು ಕುಲುಕಿದ್ದು. ಈ ಭಾಗದ ದ್ವೀಪಗಳ ಸಂದಿಗಳಲ್ಲಿ ಪೆಸಿಫಿಕ್ ಕಡೆಯ ನೀರು ಹಿಂದೂ ಮಹಾಸಾಗರಕ್ಕೆ ನುಗ್ಗುತ್ತದೆ, ಅದಕ್ಕೆ ಸೆಳೆತ ಜೋರು. ಆ ಸೆಳೆತವೇ ಅಲ್ಲಿಯ ಮೀನುಗಳಿಗೆ ಊಟ ತರುವುದು ಅಂತ ಮಾರ್ಗದರ್ಶಿ ಹುಡುಗ ಹೇಳಿದ. ಎರಡು ಗಂಟೆಯ ನಂತರ ಮಾಂಟಾ ಪಾಯಿಂಟ್‌ನಲ್ಲಿ ನೀರಿಗೆ ಇಳಿದಾಗ ಅದು ಅರ್ಥವಾಯಿತು. ಮಾಂಟಾ ಅಂದರೆ ಮಂಗಳೂರು ಕಡೆ ತೊರಕೆ ಅಂತಾರಲ್ಲ, ಅದರ ದೊಡ್ಡಣ್ಣ. ರೆಕ್ಕೆಯ ಅಗಲ ನಮ್ಮ ಮನೆ ಡೈನಿಂಗ್ ಟೇಬಲ್ಲಿನ ಎರಡರಷ್ಟು. ಬಾಯಿ ಅಗಲಿಸಿಕೊಂಡು, ಸೆಳೆತಕ್ಕೆ ಎದುರಾಗಿ ಅಲ್ಲೇ ನಿಂತಂತೆ ರೆಕ್ಕೆ ಬಡಿಯುತ್ತಿತ್ತು, ನೀರು ತಂದ ಕಣಗಳನ್ನು ಸೋಸಿ ತಿನ್ನಲು. ನಾನು ಕೈಕಾಲು ಬಡಿದರೂ ಹಿಂದಕ್ಕೇ ಹೋಗುತ್ತಿದ್ದೆ. ಭಾಮೈದ? ಜಾಕೆಟ್ ಹಾಕಿ, ದೋಣಿಯ ಹಗ್ಗ ಹಿಡಿದು, ಮುಖ ಮಾತ್ರ ನೀರಿನಲ್ಲಿ ಮುಳುಗಿಸಿ ತೇಲುತ್ತಿದ್ದ. ಒಂದು ಮಾಂಟಾ ಸರಿಯಾಗಿ ಅವನ ಕೆಳಗೇ ಹೋಯಿತು. ಮೇಲೆ ಬಂದ ಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಕೊಮೊಡೊ ದ್ವೀಪಕ್ಕೆ ಇಳಿಯಲು ಶುಲ್ಕ ಬೇರೆ, ದೋಣಿಯ ದುಡ್ಡಿನಲ್ಲಿ ಸೇರಿಲ್ಲ. ಇದನ್ನು ಮೊದಲೇ ಕೇಳಿಕೊಳ್ಳಿ. ಕವಲು ಕೋಲು ಹಿಡಿದ ಕಾವಲುಗಾರ ಜೊತೆಗೆ ಬರುತ್ತಾನೆ. ಪೇಪರಿನವರು ಕೊಮೊಡೊ ಡ್ರ್ಯಾಗನ್ ಅಂತ ಬರೆದರೂ ಅದು ನಮ್ಮ ಉಡದ ಜಾತಿಯೇ, ಮೂರು ಮೀಟರ್‌ವರೆಗೆ ಬೆಳೆಯುತ್ತೆ ಅಷ್ಟೇ. ಉಡದ ಪಟ್ಟು ಅಂತ ನಾವು ಸುಮ್ನೆ ಹೇಳ್ತೀವಿ. ಇದು ಪಟ್ಟು ಹಿಡಿಯುವುದಿಲ್ಲ, ಕಚ್ಚಿ ಬಿಡುತ್ತೆ. ಬಾಯಲ್ಲಿ ವಿಷವೂ ಇದೆ. ನಾವು ಕಂಡ ನಾಲ್ಕರಲ್ಲಿ ಮೂರು ಮರದ ನೆರಳಲ್ಲಿ ಹೊಟ್ಟೆ ಹಚ್ಚಿ ಮಲಗಿದ್ದವು. ನಾಲ್ಕನೆಯದು ನಾಲಿಗೆ ಚಾಚುತ್ತ ದಾರಿಗೆ ಅಡ್ಡ ಬಂತು. ಅದು ದಾಟುವವರೆಗೆ 26 ಜನರೂ ಗಪ್‌ಚುಪ್.

ನಾಲ್ಕನೇ ದಿನ ನಸುಕಿನಲ್ಲಿ ಪಡಾರ್ ದ್ವೀಪ ಹತ್ತಿದೆವು. ಮೂರು ಕೊಲ್ಲಿಗಳು ಒಟ್ಟಿಗೆ ಕಾಣುವ ಜಾಗ. ಇಂಡೊನೇಷ್ಯಾದ 50,000 ರುಪಿಯಾ ನೋಟಿನ ಹಿಂಭಾಗದಲ್ಲಿರುವ ಚಿತ್ರ ಅದೇ. ಭಾಮೈದ ನೋಟನ್ನು ಎತ್ತಿ ಹಿಡಿದು ಹಿಂದಿನ ಗುಡ್ಡದ ಸಾಲಿಗೆ ಹೊಂದಿಸಿ ಫೋಟೊ ತೆಗೆಯಲು ಹೋದ. ಗಾಳಿ ಬಂತು. ನಮ್ಮ ಲೆಕ್ಕದಲ್ಲಿ 270 ರೂಪಾಯಿ ಚಿಲ್ಲರೆ ಕೊಲ್ಲಿಗೆ ಹೋಯಿತು.

ವಿಮಾನ, ವೀಸಾ, ದೋಣಿ, ವಾಪಸು ಬಾಲಿಗೆ ಟಿಕೆಟ್ ಎಲ್ಲ ಸೇರಿ ಒಬ್ಬೊಬ್ಬರಿಗೆ 65 ಸಾವಿರದ ಸುತ್ತಮುತ್ತ ಆಯಿತು. ಬರೀ ಕೊಮೊಡೊ ನೋಡಬೇಕು ಅನ್ನುವವರು ಲಬುವಾನ್ ಬಾಜೊಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಒಂದು ದಿನದ ದೋಣಿ ತಗೊಳ್ಳಲಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗಂತೂ ಅದೇ ಸರಿ. ನಾನು ಇನ್ನೊಮ್ಮೆ ಹೋದರೂ ಡೆಕ್‌ನಲ್ಲೇ ಮಲಗುತ್ತೇನೆ. ಮಾತ್ರೆ ಮಾತ್ರ ಸಂಜೆ ಏಳಕ್ಕೇ.

ಲಬುವಾನ್ ಬಾಜೊದಲ್ಲಿ ಇಳಿಯುವಾಗ ಅಡುಗೆಯವನು ಓಡಿ ಬಂದು ಅತ್ತೆಯ ಸ್ಟೀಲ್ ಡಬ್ಬಿಯನ್ನು ಕೈಗಿಟ್ಟ. ಭಾರವಾಗಿತ್ತು. ಲಾಡ್ಜಿಗೆ ಹೋಗಿ ಮುಚ್ಚಳ ತೆಗೆದರೆ ತುಂಬ ಸಂಬಲ್, ಅವನೇ ಅರೆದದ್ದು, ಕೋಣೆ ತುಂಬ ತೆರಾಸಿ ಘಾಟು. ನಮ್ಮ ಚಟ್ನಿಪುಡಿಗೆ ಅವನು ಕೊಟ್ಟ ಉತ್ತರ. ಲಾಡ್ಜಿನ ಹುಡುಗ ಖುಷಿಯಿಂದ ತಗೊಂಡ. ಡಬ್ಬಿಯನ್ನು ಮಾತ್ರ ನಾನು ಸೋಪು ಹಾಕಿ ಒಮ್ಮೆ, ಭಾಮೈದ ನಿಂಬೆಹಣ್ಣು ತಿಕ್ಕಿ ಇನ್ನೊಮ್ಮೆ ತೊಳೆದು, ಬಿಸಿಲಿಗಿಟ್ಟು ಒಣಗಿಸಿ ಬೆಂಗಳೂರಿಗೆ ತಂದೆವು. ಮುಚ್ಚಳದ ಮೇಲೆ ಅತ್ತೆಯ ಹೆಸರು ಕೊರೆಸಿದ ಡಬ್ಬಿ ಅದು, ಬಿಟ್ಟು ಬರುವ ಹಾಗಿರಲಿಲ್ಲ.